ಗುಂಡ್ಯಾನ ಪಕ್ಕೆಲುಬು

ಹೋದ ವಾರ ಆಫೀಸಿನ ಗೆಳತಿಯೊಬ್ಬಳು ವಾಟ್ಸ್ಯಾಪ್‌ನಲ್ಲಿ ಫೋಟೊ ಕಳಿಸಿದಳು. ಹತ್ತು ವಾರದ ಸೇಂಟ್ ಬರ್ನಾರ್ಡ್ ಮರಿ, ಅವಳ ತೊಡೆ ತುಂಬ ಕೂತಿದೆ. ಹೊಟ್ಟೆ ಡೊಳ್ಳಿನ ಹಾಗೆ. ಕೆಳಗೆ ಬರೆದಿದ್ದಳು: 'ಎಷ್ಟು ಗುಂಡಗಿದೆ ನೋಡೇ! ಹಾಲು, ಮೊಟ್ಟೆ, ಕ್ಯಾಲ್ಸಿಯಂ ಸಿರಪ್ಪು ಎಲ್ಲಾ ಶುರು ಮಾಡಿದೀನಿ.' ಹಾರ್ಟ್ ಇಮೋಜಿ ಒತ್ತೋಕೆ ಬೆರಳು ಹೋಯಿತು. ಒತ್ತಲಿಲ್ಲ, ಫೋನೇ ಮಾಡಿದೆ. ನಲವತ್ತು ನಿಮಿಷ ಮಾತಾಡಿದೆವು. ಆ ಮಾತೇ ಈ ಸಲದ ಅಂಕಣ.

ಯಾಕಂದ್ರೆ ಅಂಥದೇ ಸಿರಪ್ಪನ್ನ ಒಂದು ವರ್ಷದ ಹಿಂದೆ ನಾನೂ ತಂದಿದ್ದೆ.

ನಮ್ಮೂರು ಶೇಡಬಾಳ ಅಂತ ಈ ಅಂಕಣ ಓದೋರಿಗೆ ಗೊತ್ತೇ ಇದೆ. ಮಿರಜದಿಂದ ಬೆಳಗಾವಿ ಕಡೆ ಹೊರಟರೆ ಉಗಾರಕ್ಕಿಂತ ಮೊದಲು ಸಿಗೋ ಸ್ಟೇಷನ್ನು. ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಊರು. ನಮ್ಮದೂ ಜೈನರ ಮನೆ. ಹೊತ್ತು ಮುಳುಗೋ ಮೊದಲು ಊಟ ಆಗಬೇಕು, ಉಳ್ಳಾಗಡ್ಡಿ-ಬಳ್ಳೊಳ್ಳಿ ಹೊಸ್ತಿಲು ದಾಟಿ ಒಳಗೆ ಬರೋ ಹಾಗಿಲ್ಲ. ಇಂಥ ಮನೆಗೆ ನನ್ನ ತಮ್ಮ ಹಿಂದಿನ ದೀಪಾವಳಿಗೆ ಗ್ರೇಟ್ ಡೇನ್ ಮರಿ ತಂದ. ಎಂಟು ವಾರದ್ದು, ಎಂಟು ಕೆ.ಜಿ. 'ಬಾಹುಬಲಿ' ಅಂತ ಹೆಸರಿಡೋದು ಅವನ ಆಸೆ. ಆಯಿ ಹೌಹಾರಿದಳು. 'ದೇವರ ಹೆಸರ ನಾಯಿಗೆ ಇಡ್ತೀಯೇನೋ? ನಾಲಗಿ ಬಿದ್ದೀತು!' ಸಿನಿಮಾದ ಬಾಹುಬಲಿ ಆಯಿ, ಅಂತ ಅವನು ಗೋಗರೆದರೂ ನಡೀಲಿಲ್ಲ. ಗುಂಡಗಿದ್ದ, ಗುಂಡ್ಯಾ ಆದ.

ಗುಂಡ್ಯಾನನ್ನ ಇನ್ನಷ್ಟು ಗುಂಡಗೆ ಮಾಡೋ ಕೆಲಸಕ್ಕೆ ಇಡೀ ಮನೆ ಟೊಂಕ ಕಟ್ಟಿತು. ಮುಂಜಾನೆ ಎಮ್ಮೆ ಹಾಲು, ಅದರಾಗ ಮುರಿದ ರೊಟ್ಟಿ. ಮಧ್ಯಾಹ್ನ ಅನ್ನ-ಬ್ಯಾಳಿ, ಮೇಲೊಂದು ಚಮಚ ತುಪ್ಪ. ಸಂಜೆ ಪ್ಯಾಕೆಟ್ಟಿನ ಕಾಳು, ತಟ್ಟೆ ಖಾಲಿ ಆದಂಗೆಲ್ಲ ಮತ್ತೆ. ಮರಿ ಮಾರಿದ ಅಂಗಡಿಯವನು 'ದೊಡ್ಡ ತಳಿ ಮೇಡಂ, ಎಲುಬು ಗಟ್ಟಿ ಆಗಬೇಕು' ಅಂತ ಕ್ಯಾಲ್ಸಿಯಂ ಸಿರಪ್ಪು ಜೊತೆಗೇ ಕಟ್ಟಿಕೊಟ್ಟಿದ್ದ. ದುಡ್ಡು ಕೊಟ್ಟು ತಂದವಳು ನಾನೇ. ಬಾಟಲಿ ಮುಗಿದಾಗ ಪುಣೆಯಲ್ಲಿ ಕೂತು ಫೋನಿನಲ್ಲೇ ಇನ್ನೆರಡು ಆರ್ಡರ್ ಮಾಡಿದವಳೂ ನಾನೇ. ಊರಲ್ಲಿಲ್ಲದ ಅಕ್ಕ ತೋರಿಸೋ ಪ್ರೀತಿ ಅಂದ್ರೆ ಹೋಮ್ ಡೆಲಿವರಿ ತಾನೇ.

ನಾಲ್ಕೂವರೆ ತಿಂಗಳಿಗೆ ತಮ್ಮ ಅವನನ್ನ ಕಿರಾಣಿ ಅಂಗಡಿಯ ಕಾಟಾದ ಮೇಲೆ ನಿಲ್ಲಿಸಿದ. 34 ಕೆ.ಜಿ. 'ಮುಂದಿನ ತಿಂಗಳ ಕಬ್ಬಿನ ಗಾಡಿ ತೂಗೂ ಕಾಟಾಕ್ಕ ಒಯ್ಯಬೇಕಾಕ್ಕೈತಿ' ಅಂತ ಎಲ್ಲರೂ ನಕ್ಕರು. ವಿಡಿಯೊ ನೋಡಿ ನಾನೂ ನಕ್ಕೆ. ಅದೇ ವಿಡಿಯೊವನ್ನ ರಾತ್ರಿ ಮತ್ತೊಮ್ಮೆ ಹಾಕಿದಾಗ ಕಂಡಿದ್ದು: ಕಾಟಾದಿಂದ ಇಳಿಯೋವಾಗ ಅವನು ಮುಂದಿನ ಎಡಗಾಲು ಊರಲಿಲ್ಲ.

ಒಂದು ವಾರದೊಳಗೆ ಎರಡೂ ಮುಂಗಾಲಿನ ಮಣಿಕಟ್ಟು ಬಾತವು. ಪಾದ ಹೊರಗೆ ತಿರುಗಿದ್ದವು, ಕಥಕ್ಕಳಿಯವರು ನಿಂತಂಗೆ. ಏಳಬೇಕಾದ್ರೆ ನರಳ್ತಿದ್ದ. ಓಮ್ನಿಯ ಹಿಂದಿನ ಸೀಟು ಬಿಚ್ಚಿ ಅವನನ್ನ ಮಲಗಿಸಿಕೊಂಡು ಡಾಕ್ಟರ ಹತ್ತಿರ ಹೋದೆವು. ಎಕ್ಸ್‌ರೇ ತೆಗೆದರು. ಫಿಲ್ಮು ಬೆಳಕಿಗೆ ಹಿಡಿದು ಅವರು ಹೇಳಿದ ಮಾತು ನನಗೆ ಇನ್ನೂ ಬಾಯಿಪಾಠ. 'ಅಕ್ಕಾರ, ಇದರ ಎಲುಬಿನ ವಯಸ್ಸ ನಾಕೂವರಿ ತಿಂಗಳ. ಮ್ಯಾಲಿನ ತೂಕ ಆರ ತಿಂಗಳದ್ದು. ಎಳಿ ಗ್ವಾಡಿ ಮ್ಯಾಲ ಸ್ಲ್ಯಾಬ್ ಹಾಕಿದ್ರ ಏನಾಕ್ಕೈತಿ?'

ಸಿರಪ್ಪು ಅವತ್ತೇ ನಿಂತಿತು. ತುಪ್ಪ, ಎಮ್ಮೆ ಹಾಲು ನಿಂತವು. ಮೆಟ್ಟಿಲು ಬಂದ್. ಊಟ ಅಳತೆ ಪ್ರಕಾರ.

ಮನೆಗೆ ಬಂದು ನಾನು ಓದೋಕೆ ಕೂತೆ. ಮೊದಲೇ ಮಾಡಬೇಕಿದ್ದ ಕೆಲಸ. ಓದ್ತಾ ಹೋದಂಗೆ ಹೊಟ್ಟೆ ಕಲಕಿತು. ಯಾಕಂದ್ರೆ ಇದು ಹೊಸ ಸಂಗತಿ ಅಲ್ಲವೇ ಅಲ್ಲ, ನಾನು ಹುಟ್ಟೋ ಮೊದಲಿನದು. ಅದೂ ಗ್ರೇಟ್ ಡೇನ್ ಮರಿಗಳ ಮೇಲೇ ಮಾಡಿದ ಅಧ್ಯಯನಗಳು. 1974ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಒಂದು ಗುಂಪಿನ ಮರಿಗಳಿಗೆ ಬೇಕಾದಷ್ಟು ತಿನ್ನೋಕೆ ಬಿಟ್ಟರು, ಇನ್ನೊಂದು ಗುಂಪಿಗೆ ಅದರ ಮೂರರಲ್ಲಿ ಎರಡು ಪಾಲು ಮಾತ್ರ ಕೊಟ್ಟರು. ಎಲುಬಿನ ತೊಂದರೆ ಬಂದದ್ದು ಹೊಟ್ಟೆ ತುಂಬ ಉಂಡ ಗುಂಪಿಗೆ. 1985ರಲ್ಲಿ ನೆದರ್ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹೇಜವಿಂಕಲ್ ಅನ್ನೋ ಪಶುವೈದ್ಯ ವಿಜ್ಞಾನಿ ಮತ್ತು ಜೊತೆಗಾರರು ಕ್ಯಾಲ್ಸಿಯಂ ಒಂದನ್ನೇ ಹೆಚ್ಚು ಮಾಡಿ ನೋಡಿದರು. ಶೇ. 1.1ರಷ್ಟು ಕ್ಯಾಲ್ಸಿಯಂ ಇದ್ದ ಆಹಾರ ತಿಂದವು ಸರಿಯಾಗಿ ಬೆಳೆದವು. ಶೇ. 3.3 ಇದ್ದದ್ದು ತಿಂದ ಮರಿಗಳ ಎಲುಬು ಹಾಳಾಯಿತು.

ಕಾರಣ ಸರಳ ಇದೆ, ಆದ್ರೆ ನಮ್ಮ ಅಂದಾಜಿಗೆ ಉಲ್ಟಾ. ಬೆಳೆದ ನಾಯಿಗೆ ಕ್ಯಾಲ್ಸಿಯಂ ಹೆಚ್ಚಾದರೆ ಕರುಳು 'ಸಾಕು' ಅಂತ ಬಿಟ್ಟುಬಿಡುತ್ತೆ. ಎಳೆ ಮರಿಗೆ ಆ ಹಿಡಿತ ಇನ್ನೂ ಬಂದಿರೋದಿಲ್ಲ, ಸುಮಾರು ಆರು ತಿಂಗಳವರೆಗೆ. ಹಾಕಿದಷ್ಟೂ ಒಳಗೆ ಎಳೆದುಕೊಳ್ಳುತ್ತಾ ಹೋಗುತ್ತೆ. ಎಲುಬಿನ ತುದಿಯಲ್ಲಿ ಮೃದುವಾದ ಒಂದು ಪಟ್ಟಿ ಇರುತ್ತೆ, ಎಲುಬು ಉದ್ದ ಆಗೋದು ಅಲ್ಲೇ. ಗ್ರೇಟ್ ಡೇನ್‌ನಂಥ ತಳಿಯಲ್ಲಿ ಅದು ಪೂರ್ತಿ ಗಟ್ಟಿಯಾಗೋಕೆ ಒಂದೂವರೆ ವರ್ಷವಾದರೂ ಬೇಕು. ಅಷ್ಟರೊಳಗೆ ಮೇಲಿನಿಂದ ಭಾರ, ಒಳಗಿನಿಂದ ಬೇಡದ ಕ್ಯಾಲ್ಸಿಯಂ. ಪಟ್ಟಿ ಸೊಟ್ಟ ಬೆಳೆಯುತ್ತೆ.

ಬೆಳವಣಿಗೆಯ ಲೆಕ್ಕ ನೋಡಿ. ನಮ್ಮ ಕೂಸು ಮೂರು ಕೆ.ಜಿ. ಹುಟ್ಟಿ ಅರವತ್ತು ಕೆ.ಜಿ. ಆಗೋಕೆ ಹದಿನೆಂಟು ವರ್ಷ ತಗೊಳ್ಳುತ್ತೆ. ಗ್ರೇಟ್ ಡೇನ್ ಮರಿ ಮುಕ್ಕಾಲು ಕೆ.ಜಿ.ಗೂ ಕಮ್ಮಿ ಹುಟ್ಟಿ ಅದೇ ಅರವತ್ತಕ್ಕೆ ಒಂದೂವರೆ-ಎರಡು ವರ್ಷದಲ್ಲಿ ಹೋಗುತ್ತೆ. ಇಷ್ಟು ಓಡೋ ಗಾಡಿಗೆ ನಾವು ಆಕ್ಸಿಲರೇಟರ್ ಒತ್ತೋದೇ ಬೇಕಾಗಿಲ್ಲ. ಕಮ್ಮಿ ತಿಂದರೆ ಎತ್ತರ ಕಮ್ಮಿ ಆಗುತ್ತೇನೋ ಅನ್ನೋ ಹೆದರಿಕೆ ತಮ್ಮನಿಗಿತ್ತು. ಆಗೋದಿಲ್ಲ. ಎತ್ತರ ತಾಯಿ-ತಂದೆಯಿಂದ ಬಂದದ್ದು. ಹದವಾಗಿ ತಿಂದ ಮರಿಯೂ ಅಷ್ಟೇ ಎತ್ತರಕ್ಕೆ ಹೋಗುತ್ತೆ, ಸ್ವಲ್ಪ ನಿಧಾನಕ್ಕೆ.

ಹಂಗಾದ್ರೆ ತಟ್ಟೆಗೆ ಏನು ಹಾಕಬೇಕು? ಪ್ಯಾಕೆಟ್ ತಗೊಳ್ಳೋರು 'ಪಪ್ಪಿ' ಅನ್ನೋದೊಂದೇ ನೋಡಿದರೆ ಸಾಲದು, 'ಲಾರ್ಜ್ ಬ್ರೀಡ್ ಪಪ್ಪಿ' ಅಥವಾ 'ಜೈಂಟ್ ಪಪ್ಪಿ' ಅಂತ ಇರಬೇಕು. ಬೆಳೆದ ಮೇಲೆ 32 ಕೆ.ಜಿ. ದಾಟೋ ತಳಿಯ ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂ ನೀರಿನಂಶ ಬಿಟ್ಟು ಶೇ. 1.8 ದಾಟಬಾರದು ಅನ್ನೋದು ಅಮೆರಿಕದ ಮಾನದಂಡ. ಕೆಳಗಿನ ಮಿತಿ ಶೇ. 1.2. ಪ್ಯಾಕೆಟ್ ತಿರುಗಿಸಿದರೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಬರೆದಿಲ್ಲ ಅಂದ್ರೆ ಆ ಪ್ಯಾಕೆಟ್ ಬಿಡಿ. ಇಂಥ ಆಹಾರ ಹಾಕೋವಾಗ ಮೇಲೆ ಸಿರಪ್ಪು, ಪುಡಿ, ಗುಳಿಗೆ ಯಾವುದೂ ಬೇಡ. ಡಾಕ್ಟರು ರಕ್ತ ನೋಡಿ, ಎಕ್ಸ್‌ರೇ ನೋಡಿ ಹೇಳಿದರೆ ಮಾತು ಬೇರೆ.

ಕಾಳನ್ನ ಮಗ್ಗಿನಿಂದ ಅಳೀಬೇಡಿ. ಒಬ್ಬರ ಮಗ್ಗು ಇನ್ನೊಬ್ಬರ ಮಗ್ಗಲ್ಲ. ನಮ್ಮಲ್ಲಿ ಅಪ್ಪನ ಮಗ್ಗು ಯಾವಾಗಲೂ ಗೋಪುರ ಕಟ್ಟಿರ್ತಿತ್ತು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮುನ್ನೂರು-ನಾನೂರು ರೂಪಾಯಿಗೆ ಸಿಗುತ್ತೆ, ಗ್ರಾಂ ಲೆಕ್ಕದಲ್ಲಿ ತೂಗಿ ಹಾಕಿ. ದಿನದ ಪಾಲನ್ನ ಮುಂಜಾನೆಯೇ ಒಂದು ಡಬ್ಬಿಗೆ ತೆಗೆದಿಟ್ಟರೆ ಇನ್ನೂ ಒಳ್ಳೇದು. ಯಾರು ಎಷ್ಟು ಸಲ ಹಾಕಿದರೂ ಡಬ್ಬಿ ಮುಗಿದ ಮೇಲೆ ಮುಗೀತು.

ಈಗ ಕಷ್ಟದ ಭಾಗ. ಆ ಪ್ಯಾಕೆಟ್‌ನಲ್ಲಿ ಕೋಳಿ ಇರುತ್ತೆ.

ಮೊದಲು ಇದನ್ನ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. 'ಬಿಸ್ಕೀಟಿನಂಗ ಐತಿ' ಅಂತ ಸುಮ್ಮನಿದ್ದರು. ಬರೀ ಅದೇ ಹಾಕಬೇಕು ಅಂದಾಗ ಅಪ್ಪ ಪ್ಯಾಕೆಟ್ ತಿರುಗಿಸಿ ಓದಿದರು, ಕೆಳಗಿಟ್ಟರು, ಎದ್ದು ಬಸದಿಗೆ ಹೋದರು. ಎರಡು ದಿನ ಮಾತಿಲ್ಲ. ನಾನು ಸಸ್ಯಾಹಾರಿ ಪ್ಯಾಕೆಟ್ ಹುಡುಕಿದೆ. ನಾನು ನೋಡಿದವುಗಳ ಮೇಲೆಲ್ಲ 'ಅಡಲ್ಟ್' ಅಂತಲೇ ಇತ್ತು, ಬೆಳೆಯೋ ಮರಿಗೆ ಅಲ್ಲ. ಮನೆಯ ಅನ್ನ-ಬ್ಯಾಳಿ-ರೊಟ್ಟಿಯಲ್ಲೇ ಸಾಕೋಣ ಅಂದ್ರೆ ಡಾಕ್ಟರು ತಲೆಯಾಡಿಸಿದರು. ನಾಯಿ ಬೆಕ್ಕಿನಂಗಲ್ಲ, ಬೆಳೆದ ಮೇಲೆ ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ಬದುಕಬಲ್ಲದು. ಆದರೆ ಇಷ್ಟು ದೊಡ್ಡ ತಳಿಯ ಮರಿಗೆ ಪ್ರೋಟೀನು, ಕ್ಯಾಲ್ಸಿಯಂ, ರಂಜಕ, ಸತು, ಡಿ ಜೀವಸತ್ವ ಇವೆಲ್ಲ ಒಂದಕ್ಕೊಂದು ತಾಳೆಯಾಗಿ ಹೋಗಬೇಕು. ಅಂದಾಜಿನ ಅಡುಗೆಯಲ್ಲಿ ಅದು ಆಗೋ ಮಾತಲ್ಲ. ಪಶು ಆಹಾರ ತಜ್ಞರು ಬರೆದುಕೊಟ್ಟ ಪಟ್ಟಿ ಇದ್ದರೆ ಮಾತ್ರ ಮನೆ ಅಡುಗೆ. ಬರೀ ಮಾಂಸ ಹಾಕೋರದೂ ಇದೇ ತಪ್ಪು, ಬೇರೆ ದಿಕ್ಕಿನಿಂದ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳೋಕೆ ಶುರು ಮಾಡುತ್ತೆ.

ಮೂರನೇ ದಿನ ಆಯಿಯೇ ಬಾಯಿ ಬಿಟ್ಟಳು. ಗುಂಡ್ಯಾ ಏಳೋಕೆ ಒದ್ದಾಡೋದನ್ನ ಪಡಸಾಲೆಯಲ್ಲಿ ಕೂತು ನೋಡ್ತಿದ್ದವಳು, 'ಅದರ ಹೊಟ್ಟಿ ಅದರದು. ಕಟ್ಟಿಕೊಂಡು ಬಂದ ಮ್ಯಾಲ ನರಳಸೂದೂ ಹಿಂಸಾನ ಅಲ್ಲೇನ? ನನ್ನ ಒಲಿ ಮ್ಯಾಲ ಮಾತ್ರ ಬ್ಯಾಡ' ಅಂದಳು. ಪ್ಯಾಕೆಟ್ಟು, ತಕ್ಕಡಿ, ತಟ್ಟೆ ಎಲ್ಲಾ ದನದ ಮನೆಗೆ ಹೋದವು. ತಮ್ಮ ಅಲ್ಲೇ ಹಾಕ್ತಾನೆ, ಅಲ್ಲೇ ತೊಳೀತಾನೆ. ಅಪ್ಪ ಈಗಲೂ ಆ ಕಡೆ ಹೋಗೋದಿಲ್ಲ. ನಿಮ್ಮ ಮನೆಯೂ ನಮ್ಮಂಥದೇ ಆಗಿದ್ದರೆ ಈ ಮಾತುಕತೆ ಮರಿ ತರೋ ಮೊದಲು ಆಗಲಿ. ನಾವು ಮಾಡಿದಂಗೆ ಕಾಲು ಸೊಟ್ಟ ಆದಮೇಲೆ ಬೇಡ.

ಜೈನರ ಅಡುಗೆಮನೆಯಿಂದ ಗುಂಡ್ಯಾಗೆ ಒಂದು ಲಾಭವೂ ಆಯಿತು ಅನ್ನಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣ ಒಡೆಯೋ ಪದಾರ್ಥ, ಅವು ನಮ್ಮಲ್ಲಿ ಇಲ್ಲವೇ ಇಲ್ಲ. ಆದರೆ ಅವಕ್ಕಿಂತ ಕೆಟ್ಟದ್ದು ನಮ್ಮ ಸೀಮೆಯ ಮನೆಮನೆಯಲ್ಲೂ ಡಬ್ಬಿ ತುಂಬ ಇರುತ್ತೆ. ದ್ರಾಕ್ಷಿ. ಅಥಣಿ, ವಿಜಯಪುರ ಕಡೆಯ ತೋಟ ಇರೋ ಬೀಗರು ಬಂದರೆ ಒಣದ್ರಾಕ್ಷಿಯ ಪೊಟ್ಟಣ ಇಲ್ಲದೆ ಬರೋದಿಲ್ಲ. ಹಸಿ ದ್ರಾಕ್ಷಿಯಾಗಲಿ ಒಣದ್ರಾಕ್ಷಿಯಾಗಲಿ ನಾಯಿಯ ಕಿಡ್ನಿ ಕೆಡಿಸಬಲ್ಲದು, ಎಷ್ಟು ತಿಂದರೆ ಅಪಾಯ ಅನ್ನೋಕೆ ನಂಬಿಕೆಯ ಅಳತೆ ಇಲ್ಲ. ದ್ರಾಕ್ಷಿಯಲ್ಲಿರೋ ಟಾರ್ಟಾರಿಕ್ ಆಮ್ಲ ಕಾರಣ ಇರಬೇಕು ಅಂತ 2021ರಲ್ಲಿ ಅಮೆರಿಕದ ಪಶು ವಿಷತಜ್ಞರು ಹೇಳಿದರು. ಶಿರಾದಲ್ಲಿರೋ ನಾಲ್ಕು ಒಣದ್ರಾಕ್ಷಿ ಅಂತ ಪ್ರೀತಿಯಿಂದ ಬಾಯಿಗಿಡೋರು ಮನೆಗೆ ಬಂದೇ ಬರ್ತಾರೆ. ಮುಲಾಜು ನೋಡದೆ ಕೈ ಹಿಡೀರಿ.

ಇನ್ನು ಓಡಾಟ. ಆಫೀಸಿಗೆ ಹೋಗೋ ನಮ್ಮಂಥವರ ತಪ್ಪು ಗೊತ್ತಾ? ವಾರವಿಡೀ ಕಟ್ಟಿಹಾಕೋದು, ಭಾನುವಾರ ಹತ್ತು ಕಿಲೋಮೀಟರ್ ಜಾಗಿಂಗಿಗೆ ಎಳಕೊಂಡು ಹೋಗೋದು. ನನ್ನ ತಮ್ಮ ಬೈಕಿನ ಹಿಂದೆ ಓಡಿಸೋ ಪ್ಲ್ಯಾನ್ ಹಾಕಿದ್ದ. ಬೆಳೆಯೋ ಮರಿಗೆ ನಮ್ಮ ವೇಗಕ್ಕೆ ಬಲವಂತವಾಗಿ ಓಡೋದು, ಎತ್ತರದಿಂದ ಜಿಗಿಯೋದು, ಗಟ್ಟಿ ರಸ್ತೆ ಇವು ಮೂರೂ ಆಗಿಬರೋದಿಲ್ಲ. ನಾರ್ವೆಯಲ್ಲಿ ನ್ಯೂಫೌಂಡ್‌ಲ್ಯಾಂಡ್, ಲಿಯಾನ್‌ಬರ್ಗರ್, ಐರಿಶ್ ವುಲ್ಫ್‌ಹೌಂಡ್, ಲ್ಯಾಬ್ರಡಾರ್ ಈ ನಾಲ್ಕು ತಳಿಯ ಸುಮಾರು ಐನೂರು ಮರಿಗಳನ್ನ ಹಿಂಬಾಲಿಸಿ 2012ರಲ್ಲಿ ಒಂದು ವರದಿ ಬಂತು. ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ತೊಂದರೆ ಹೆಚ್ಚು. ಅದೇ ವಯಸ್ಸಿನಲ್ಲಿ ಮೆತ್ತನ್ನ, ಏರುತಗ್ಗಿನ ನೆಲದಲ್ಲಿ ಹಗ್ಗ ಇಲ್ಲದೆ ತನ್ನ ಪಾಡಿಗೆ ಆಡಿಕೊಂಡವುಗಳಲ್ಲಿ ಕಮ್ಮಿ.

ಇದನ್ನ ಓದಿದಾಗ ನನಗೆ ನಮ್ಮ ಹೊಲ ಕಣ್ಣಮುಂದೆ ಬಂತು. ರಂಟಿ ಹೊಡೆದ ಕರಿಮಣ್ಣು, ಅದಕ್ಕಿಂತ ಮೆತ್ತನ್ನ ಜಿಮ್ ಯಾವ ಊರಲ್ಲಿದೆ? ಬೇನೆ ಇಳಿದ ಮೇಲೆ ಗುಂಡ್ಯಾನನ್ನ ಅಲ್ಲಿ ಬಿಡೋಕೆ ಶುರು ಮಾಡಿದೆವು. ಅವನೇ ಓಡ್ತಾನೆ, ಅವನೇ ಕೂರ್ತಾನೆ, ಸುಸ್ತಾದರೆ ಬದುವಿನ ಮೇಲೆ ಬಿದ್ದುಕೊಳ್ತಾನೆ. ಕಬ್ಬು ಕಡಿದ ಹೊಲ ಮಾತ್ರ ಬೇಡ, ಕೂಳೆ ಚುಚ್ಚಿ ಪಾದ ಹರೀತದೆ. ಊರ ಸಿಮೆಂಟ್ ರಸ್ತೆ ಏಪ್ರಿಲ್-ಮೇನಲ್ಲಿ ಹಂಚಿನಂಗೆ ಕಾದಿರುತ್ತೆ. ನಿಮ್ಮ ಅಂಗೈ ಹಿಂಭಾಗ ನೆಲಕ್ಕಿಟ್ಟು ಏಳು ಎಣಿಸೋಕೆ ಆಗದಿದ್ದರೆ ನಾಯಿಯನ್ನೂ ನಡೆಸಬೇಡಿ. ಫ್ಲ್ಯಾಟಿನಲ್ಲಿರೋರು ಹತ್ತಿರದ ಹುಲ್ಲಿನ ಮೈದಾನ ಹುಡುಕಿ, ಲಿಫ್ಟ್ ಬಳಸಿ, ಮರಿ ಚಿಕ್ಕದಿದ್ದಾಗ ಎತ್ತಿಕೊಳ್ಳಿ. ಎತ್ತಿಕೊಳ್ಳೋಕೆ ಆಗೋದು ಎರಡೇ ತಿಂಗಳು ಅಷ್ಟೇ! ಮನೆಯೊಳಗಿನ ನುಣುಪು ಫರ್ಸಿಯ ಮೇಲೆ ನಾವು ಗೋಣಿಚೀಲ ಹಾಸಿದೆವು. ಜಾರಿ ಜಾರಿ ಕಾಲು ಸೀಳಿದಂಗೆ ಬೀಳೋದು ನಿಂತಿತು.

ಹಗ್ಗ ಹಾಕಿ ನಡೆಸೋದಕ್ಕೆ ಒಂದು ರೂಢಿಯ ಲೆಕ್ಕ ಇದೆ: ತಿಂಗಳಿಗೆ ಐದು ನಿಮಿಷ. ನಾಲ್ಕು ತಿಂಗಳ ಮರಿಗೆ ಒಂದು ಸಲಕ್ಕೆ ಇಪ್ಪತ್ತು. ಇದು ಪ್ರಯೋಗದಿಂದ ಬಂದದ್ದಲ್ಲ, ಅನುಭವಸ್ಥರ ಕೈಲೆಕ್ಕ. ಆದರೂ ಅತಿ ಮಾಡೋ ನಮ್ಮಂಥವರಿಗೆ ಕಡಿವಾಣ ಆಗುತ್ತೆ.

ಒಂದು ಮಾತು ಭಯ ಹುಟ್ಟಿಸಿಯಾದರೂ ಹೇಳಲೇಬೇಕು. ಎದೆ ಆಳ ಇರೋ ಇಂಥ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿಕೊಂಡು ತಿರುಚಿಬಿಡಬಹುದು. ಬೆಳೆದ ಮೇಲೆ ಹೆಚ್ಚು. ಹೊಟ್ಟೆ ಉಬ್ಬಿ, ವಾಂತಿಗೆ ಬಂದಂಗಾಗಿ ಏನೂ ಬರದೆ ಒದ್ದಾಡ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಕೆಲವೇ ಗಂಟೆಯಲ್ಲಿ ಪ್ರಾಣ ಹೋಗುತ್ತೆ. ರಾತ್ರಿ ಆಪರೇಷನ್ ಮಾಡೋ ಡಾಕ್ಟರು ಎಷ್ಟು ದೂರ ಇದಾರೆ ಅನ್ನೋದನ್ನ ಮರಿ ತರೋ ಮೊದಲೇ ವಿಚಾರಿಸಿ. ನಮಗಂತೂ ಗಡಿ ದಾಟಿಯೇ ಹೋಗಬೇಕು. ದಿನಕ್ಕೊಂದೇ ದೊಡ್ಡ ಊಟ ಬೇಡ. ಮರಿಯಿದ್ದಾಗ ಮೂರು ಹೊತ್ತು, ಆಮೇಲೆ ಎರಡಾದರೂ. ಉಂಡ ಕೂಡಲೇ ಓಡಾಟ ಬೇಡ. ತಟ್ಟೆಯನ್ನ ಸ್ಟೂಲಿನ ಮೇಲಿಟ್ಟರೆ ಒಳ್ಳೇದು ಅಂತ ಹಲವರು ಹೇಳ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಎತ್ತರದ ತಟ್ಟೆಯಿಂದ ಈ ಅಪಾಯ ಹೆಚ್ಚಾದದ್ದೇ ಕಂಡುಬಂತು. ನೆಲದ ಮೇಲೇ ಇಡಿ.

ಇಷ್ಟೆಲ್ಲ ಮಾಡಿದ ಮೇಲೆ ಗುಂಡ್ಯಾನ ಪಕ್ಕೆಲುಬು ಕಾಣೋಕೆ ಶುರುವಾದವು. ಅಲ್ಲಿಂದ ಊರಿನ ಮಾತು ಶುರುವಾಯಿತು. 'ಏನ್ರಿ, ಸಾಹುಕಾರ ಮಂದಿ ಅದೀರಿ, ನಾಯಿಗೆ ಕೂಳ ಹಾಕೂದಿಲ್ಲೇನ?' ಹಾಲು ಹಾಕೋಕೆ ಬರೋ ಕಾಕಾ ಕೇಳಿದ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪನನ್ನ ನಿಲ್ಲಿಸಿ ಕೇಳಿದರು. ಅಪ್ಪನಿಗೆ ಅವಮಾನ. ನಮ್ಮ ಕಡೆ ಮನೆಯ ಎತ್ತು, ಎಮ್ಮೆ, ನಾಯಿ ದುಂಡಗಿದ್ದರೇ ಮನೆತನಕ್ಕೆ ಮರ್ಯಾದೆ. ಒಂದು ರಾತ್ರಿ ಯಾರೋ ಕದ್ದು ಚಪಾತಿ ಹಾಕಿದ್ದರು, ತಟ್ಟೆಯಲ್ಲಿ ತುಪ್ಪದ ಜಿಡ್ಡು. ಯಾರು ಅಂತ ನಾವ್ಯಾರೂ ಕೇಳಲಿಲ್ಲ. ದನದ ಮನೆ ಕಡೆ ಹೋಗದವರು ಅಂತೂ ಒಂದು ಸಲ ಹೋಗಿದ್ದರಲ್ಲ ಅಂತ ತಮ್ಮ ನಕ್ಕ.

ಆಗ ನಾನು ಅಪ್ಪನಿಗೆ ಮುಧೋಳ ನಾಯಿಯ ಫೋಟೊ ತೋರಿಸಿದೆ. ನಮ್ಮ ಪಕ್ಕದ ಸೀಮೆಯದೇ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ, ಸೇನೆಯವರು ಒಯ್ದು ತರಬೇತಿ ಕೊಟ್ಟ ನಾಯಿ. 'ಇದರ ಪಕ್ಕೆಲುಬು ಕಾಣ್ತಾವಲ್ಲ ಅಪ್ಪಾ, ಇದಕ್ಕ ಯಾರರ ಉಪವಾಸ ಕೆಡವ್ಯಾರ ಅಂತಾರೇನು?' ಮುಧೋಳ ನಾಯಿಯ ಮೈಕಟ್ಟೇ ಬೇರೆ, ಗ್ರೇಟ್ ಡೇನ್‌ಗೆ ಅಷ್ಟು ಒಣಕಲು ಬೇಕಾಗಿಲ್ಲ, ಅದೂ ನನಗೆ ಗೊತ್ತು. ಆದರೂ ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಗುಂಡ್ಯಾನ ಮೈ ನೋಡೋದಕ್ಕೆ ಡಾಕ್ಟರು ಕಲಿಸಿದ್ದು ಹೀಗೆ. ಮುಷ್ಟಿ ಕಟ್ಟಿ ಬೆರಳಿನ ಗೆಣ್ಣು ಸವರಿ: ಪಕ್ಕೆಲುಬು ಹಾಗೆ ಚೂಪಾಗಿ ಸಿಕ್ಕರೆ ಊಟ ಕಮ್ಮಿ ಆಗಿದೆ. ಅಂಗೈ ಬಿಚ್ಚಿ ಗೆಣ್ಣಿನ ಕೆಳಗೆ ಒತ್ತಿ: ಹಾಗೆ ದಪ್ಪಗೆ, ಒತ್ತಿದರೆ ಮಾತ್ರ ಎಲುಬು ಸಿಗೋದಾದರೆ ಹೆಚ್ಚಾಗಿದೆ. ಮುಂಗೈ ಚಪ್ಪಟೆ ಹಿಡಿದು ಬೆರಳ ಮೇಲ್ಭಾಗ ಸವರಿದಾಗ ಸಿಗೋ ಹಾಗೆ ಇರಬೇಕು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ವಾರಕ್ಕೊಮ್ಮೆ ಸವರಿ ನೋಡಿ ಕಾಳನ್ನ ಹತ್ತಿಪ್ಪತ್ತು ಗ್ರಾಂ ಅತ್ತಿತ್ತ ಮಾಡೋದು, ಪ್ಯಾಕೆಟ್ ಮೇಲಿನ ಪಟ್ಟಿಗಿಂತ ಈ ಕೈಯೇ ನಂಬಿಕಸ್ತ. ಇದು ಮರಿತನಕ್ಕೆ ಮಾತ್ರ ಅಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನ ಮರಿಯಿಂದ ಸಾಯೋವರೆಗೂ ಸಾಕಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಕಾಲು ಭಾಗ ಕಮ್ಮಿ ಉಂಡವು ಹೆಚ್ಚುಕಮ್ಮಿ ಎರಡು ವರ್ಷ ಹೆಚ್ಚು ಬಾಳಿದವು. ಗ್ರೇಟ್ ಡೇನ್ ಬದುಕೋದೇ ಏಳರಿಂದ ಹತ್ತು ವರ್ಷ. ಅದರಲ್ಲಿ ಒಂದು ವರ್ಷ ಹೆಚ್ಚಿಗೆ ಸಿಕ್ಕರೂ ನನಗೆ ದೊಡ್ಡದೇ.

ಈಗ ಅವನಿಗೆ ಹದಿನಾಲ್ಕು ತಿಂಗಳು, 54 ಕೆ.ಜಿ. ಬಲಗಾಲು ನೆಟ್ಟಗಾಯಿತು. ಎಡ ಪಾದ ಸ್ವಲ್ಪ ಹೊರಗೇ ತಿರುಗಿ ಉಳಿದಿದೆ, ಅದು ಹಾಗೇ ಇರುತ್ತೆ ಅಂದಿದಾರೆ ಡಾಕ್ಟರು. ಕುಂಟೋದಿಲ್ಲ. ಮಳೆಗಾಲದಲ್ಲಿ ಮುಂಜಾನೆ ಏಳೋವಾಗ ಮಾತ್ರ ಆ ಕಾಲನ್ನ ಒಂದು ಸಲ ಝಾಡಿಸ್ತಾನೆ. ವಿಡಿಯೊ ಕಾಲ್‌ನಲ್ಲಿ ನಾನು ಮೊದಲು ನೋಡೋದು ಅದನ್ನೇ.

ಸಂಜೆ ಅವನ ಜೊತೆ ಹೋಗೋಳು ಆಯಿ. ಊಟ ಮುಗಿಸಿ, ಜಪಮಾಲೆ ಹಿಡಕೊಂಡು ತೋಟದ ದಾರಿಯಲ್ಲಿ ಕಲ್ಲಿನ ಮೇಲೆ ಕೂರ್ತಾಳೆ, ಗುಂಡ್ಯಾ ಮಣ್ಣಲ್ಲಿ ಆಡಿಕೊಂಡಿರ್ತಾನೆ. ನಿಮಿಷ-ಗಿಮಿಷ ಅವಳಿಗೆ ಗೊತ್ತಾಗೋದಿಲ್ಲ. ಣಮೋಕಾರ ನೂರಾಎಂಟು ಸಲ ಹೇಳಿ ಮುಗಿಸೋಕೆ ಸುಮಾರು ಇಪ್ಪತ್ತು ನಿಮಿಷ ಬೇಕು. ಅವನು ಸಣ್ಣವನಿದ್ದಾಗ ಒಂದು ಮಾಲಾ, ಈಗ ಎರಡು. ಮೊನ್ನೆ ಊರಿಗೆ ಹೋದಾಗ ನಾನೂ ಜೊತೆಗಿದ್ದೆ. ಅವನು ಇನ್ನೂ ಆಡೋ ಹುರುಪಿನಲ್ಲಿ ಬಾಲ ಬಡೀತಿದ್ದ. ಆಯಿ ಮಾಲೆಯನ್ನ ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿದಳು.

'ಎರಡ ಮಾಲಾ ಆತು. ಸಾಕ, ಬಾರೋ ಗುಂಡ್ಯಾ' ಅಂದಳು. ಬಂದ.